ಹಸುವಿಗೆ ಇದ್ದ ಮಾತು

ಆ ಚಳಿಗಾಲ ಒನೆಸಿಮನ ಮನೆಯಲ್ಲಿ ಗಬ್ಬವಾಗಿದ್ದುದು ಕೆಂದ ಹಸು, ಬಸುರಿಯಾಗಿದ್ದವಳು ಹಿರಿಯ ಮಗಳು ರೋಲಾಂದ್. ಹಸುವಿನ ವಿಷಯ ನಮ್ಮ ಸಾಲಿನ ಮನೆಮನೆಗೂ ಗೊತ್ತಿತ್ತು. ಅದಕ್ಕೆ ಯಾವಾಗ ದಿನ ತುಂಬುತ್ತದೆ, ಕೆಚ್ಚಲು ಇಳಿದಿದೆಯೋ ಇಲ್ಲವೋ, ಹೋದ ಸಲದಂತೆ ಕರು ಅಡ್ಡ ಬಂದರೆ ಯಾರನ್ನು ಕರೆಯುವುದು ಎಂದು ಊಟದ ಮೇಜಿನಲ್ಲೂ ಭಾನುವಾರ ಚರ್ಚಿನ ಮೆಟ್ಟಿಲ ಮೇಲೂ ಗಂಡಸರು ಬಾಯ್ತುಂಬ ಮಾತಾಡುತ್ತಿದ್ದರು. ರೋಲಾಂದಳ ವಿಷಯಕ್ಕೆ ಬಂದರೆ ಎಲ್ಲರ ಬಾಯಿಗೂ ಬೀಗ. ಹೊಟ್ಟೆ ಕಾಣಿಸತೊಡಗಿದಾಗ ಅಜ್ಜಿ ತನ್ನ ಅಗಲವಾದ ಕಪ್ಪು ಶಾಲು ಹೊದಿಸಿ, "ಇನ್ನು ನೀನು ಚರ್ಚಿನ ಪೂಜೆಗೆ ಬರೋದು ಬೇಡ" ಎಂದಳು. ಯಾರಾದರೂ ಕೇಳಿದರೆ ಮೈ ಸರಿಯಿಲ್ಲ ಎಂದು ಹೇಳುವುದು. ಕೇಳಿದವರಿಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಉಳಿದವಳು ರೋಲಾಂದ್ ಒಬ್ಬಳೇ.

ಎರಡನೆಯ ಮಹಾಯುದ್ಧಕ್ಕೆ ಇನ್ನೂ ಎರಡು ಮೂರು ವರ್ಷ ಇತ್ತು. ಸೇಂಟ್ ಲಾರೆನ್ಸ್ ನದಿ ಬಿಟ್ಟು ಕಾಡಿನ ಕಡೆಗೆ ಬಂದರೆ ಹೊಲಮನೆಗಳ ಮೂರನೆಯ ಸಾಲು ನಮ್ಮದು. ಕೆಬೆಕ್ ನಗರ ಕಂಡವರು ನಮ್ಮಲ್ಲಿ ಬೆರಳೆಣಿಕೆ. ಚಳಿಗಾಲ ಬಂತೆಂದರೆ ಗಂಡಸರು ಮರ ಕಡಿಯುವ ಕ್ಯಾಂಪಿಗೆ ಹೋಗಿಬಿಡುವರು. ರೋಲಾಂದಳ ಗಂಡ ಎಲ್ಜೆಯಾರ್ ಕೂಡ ಮದುವೆಯಾದ ಬೇಸಿಗೆ ಕಳೆದು ಹಿಮ ಬೀಳುವಷ್ಟರಲ್ಲಿ ಹೊರಟ. ಹೊರಡುವಾಗ ಹೆಂಡತಿಯನ್ನು ತಂದು ತವರಿನಲ್ಲಿ ಬಿಟ್ಟ. ನದಿಯ ಹಿಮ ಕರಗುವವರೆಗೆ ಅವನ ಮುಖ ಕಾಣುವಂತಿರಲಿಲ್ಲ.

ರೋಲಾಂದಳ ತಾಯಿ ಅಲ್ಫೊನ್ಸಿನ್ ಹನ್ನೊಂದು ಹೆತ್ತವಳು. ಪ್ರತಿ ಹೆರಿಗೆಗೂ ಮಕ್ಕಳನ್ನೆಲ್ಲ ಪಕ್ಕದ ಪ್ಲೂರ್ದ್ ಮನೆಗೆ ಅಟ್ಟುತ್ತಿದ್ದರು. ಮರಳಿ ಬಂದರೆ ಅಮ್ಮ ಮಂಚದ ಮೇಲೆ, ಪಕ್ಕದಲ್ಲೊಂದು ಮಗು. "ಕಾಡಿನವರು ಬಂದಿದ್ರು. ಅಮ್ಮನ ಕಾಲಿಗೆ ಹೊಡೆದು ಮಗು ಬಿಟ್ಟು ಹೋದ್ರು" ಎಂದು ಅಜ್ಜಿ ಹೇಳುವಳು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೇ ಕಥೆ. ಕಾಡಿನವರು ಅಂದರೆ ಬುಟ್ಟಿ ಮಾರಲು ಬರುತ್ತಿದ್ದ ಮಲಿಸೀತ್ ಎಂಬ ಮೂಲನಿವಾಸಿ ಜನ. ಯಾರ ಕಾಲಿಗೂ ಕೈ ಹಚ್ಚದ ಆ ಪಾಪದವರು ಬಾಗಿಲಿಗೆ ಬಂದರೆ ನಮ್ಮ ಮಕ್ಕಳು ಮಂಚದ ಕೆಳಗೆ ನುಗ್ಗುತ್ತಿದ್ದವು. ರೋಲಾಂದ್ ಒಂದು ಸಲ, "ಇಷ್ಟು ಸಲ ಕಾಲು ಮುರಿದ್ರೂ ಅಮ್ಮ ಕುಂಟೋದೇ ಇಲ್ವಲ್ಲಜ್ಜಿ?" ಎಂದು ಕೇಳಿ ಕಪಾಳಕ್ಕೆ ತಿಂದಿದ್ದಳು. ಆಮೇಲೆ ಅವಳು ಏನನ್ನೂ ಕೇಳಲಿಲ್ಲ.

ಒಂದು ಬುಧವಾರ ಅಲ್ಫೊನ್ಸಿನ್ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ಕೊನೆಯವಳು ಸಿಮೋನ್ ಒಲೆಯ ಪಕ್ಕ ಕೂತು ಕೆಮ್ಮುತ್ತಿದ್ದಳು.

"ಹೆಬ್ಬಾತಿನ ಕೊಬ್ಬಿನ ಡಬ್ಬಿ ಎಲ್ಲೇ? ಇವಳ ಎದೆಗೆ ಹಚ್ಬೇಕು."

"ನನ್ನ ಹತ್ರ ಇದೆ" ಎಂದಳು ರೋಲಾಂದ್.

"ನಿನಗ್ಯಾಕೆ ಅದು?"

ರೋಲಾಂದ್ ಹತ್ತಿರ ಬಂದು ದನಿ ತಗ್ಗಿಸಿದಳು. "ಹೊಕ್ಕುಳಿಗೆ ಹಚ್ಕೋತಿದೀನಮ್ಮ. ಚರ್ಮ ಒಣಗಿದ್ರೆ ಬಿಚ್ಕೊಳ್ಳೋವಾಗ ಜಾಸ್ತಿ ನೋಯುತ್ತೇನೋ ಅಂತ."

ಅಲ್ಫೊನ್ಸಿನಳ ಕೈ ಹಿಟ್ಟಿನಲ್ಲೇ ನಿಂತಿತು. ಹತ್ತೊಂಬತ್ತರ ಮಗಳು, ಮದುವೆಯಾದವಳು, ಮಗು ಹೊಕ್ಕುಳು ಬಿಚ್ಚಿಕೊಂಡು ಬರುತ್ತದೆ ಎಂದು ನಂಬಿ ಕೊಬ್ಬು ಸವರಿಕೊಳ್ಳುತ್ತಿದ್ದಾಳೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ಲ ಕಣೇ, ಅದು ಹಾಗಲ್ಲ..." ಎಂದಳು. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಒಳಗೆ ಬಂದಳು.

"ಏನದು ತಾಯಿ ಮಗಳ ಪಿಸುಪಿಸು?"

"ಏನಿಲ್ಲ ಅತ್ತೆ. ಕೊಬ್ಬಿನ ಡಬ್ಬಿ ಹುಡುಕ್ತಿದ್ದೆ."

ರೋಲಾಂದ್ ಹಾಲು ಕರೆಯಲು ಹೋದ ಮೇಲೆ ಅಲ್ಫೊನ್ಸಿನ್ ಧೈರ್ಯ ಮಾಡಿದಳು. "ಅವಳಿಗೆ ಒಂದು ಮಾತು ಹೇಳಿಬಿಡೋದು ಒಳ್ಳೇದು ಅತ್ತೆ. ಏನೂ ಗೊತ್ತಿಲ್ಲ ಅವಳಿಗೆ."

"ಏನಂತ ಹೇಳ್ತೀಯ? ಮೊದ್ಲು ಆ ಮಾತು ನಿನ್ನ ಬಾಯಿಂದ ಹೊರಡ್ಲಿ ನೋಡೋಣ."

ಅಲ್ಫೊನ್ಸಿನಳ ಮುಖ ಕೆಂಪಗಾಯಿತು.

"ನೋಡಿದ್ಯಾ? ಹನ್ನೊಂದು ಹೆತ್ತವಳಿಗೇ ಬಾಯಿ ಬರಲ್ಲ. ಸುಮ್ನೆ ಹೆದರಿಸ್ಬೇಡ ಅವಳನ್ನ. ಹೆದರಿದ ಬಸುರಿಯ ಹೊಟ್ಟೇಲಿ ಕೂಸು ಅಡ್ಡ ತಿರುಗುತ್ತೆ. ನೋವು ಬಂದಾಗ ತಾನೇ ತಿಳ್ಕೋತಾಳೆ. ನನಗೂ ಹಾಗೇ ಆಯ್ತು, ನಿನಗೂ ಹಾಗೇ ಆಯ್ತು, ಸತ್ವಾ ನಾವು?"

ಅಜ್ಜಿ ಕೆಟ್ಟವಳಲ್ಲ, ಇದನ್ನು ಹೇಳಲೇಬೇಕು. ಮೊಮ್ಮಗಳಿಗೆ ಚಳಿಯಾದೀತೆಂದು ತನ್ನ ಉಣ್ಣೆಯ ಕಾಲುಚೀಲ ಕೊಟ್ಟವಳು ಅವಳೇ. ಕೈ ಮೇಲೆತ್ತಿ ಬಟ್ಟೆ ಒಣಹಾಕಿದರೆ ಹೊಕ್ಕುಳಬಳ್ಳಿ ಕೂಸಿನ ಕುತ್ತಿಗೆಗೆ ಸುತ್ತುತ್ತದೆ ಎಂದು ಆ ಕೆಲಸ ಮಾಡಲೂ ಬಿಡುತ್ತಿರಲಿಲ್ಲ. ಬೇಕಾದದ್ದನ್ನು ಬಿಟ್ಟು ಮಿಕ್ಕೆಲ್ಲ ಹೇಳಿದಳು. ವರ್ಷಕ್ಕೊಮ್ಮೆ ಮನೆಮನೆಗೆ ಬರುವ ಪಾದ್ರಿಗಳು ತುಂಬಿದ ಅಡುಗೆಮನೆಯಲ್ಲಿ, "ಏನಮ್ಮ, ಈ ವರ್ಷ ತೊಟ್ಟಿಲು ಖಾಲಿಯೋ?" ಎಂದು ಕೇಳಬಹುದಾಗಿತ್ತು, ತಾಯಿ ಮಗಳಿಗೆ ಹೇಳುವಂತಿರಲಿಲ್ಲ. ಈ ನ್ಯಾಯ ಯಾವ ದೇವರದೋ ನನಗಂತೂ ತಿಳಿಯದು. ಹೆರಿಗೆ ಈಸ್ಟರ್ ಕಳೆದ ಮೇಲೆ ತಾನೇ, ಅದಕ್ಕೆ ಮುಂಚೆ ಹೇಳಿದರಾಯಿತು ಎಂದು ಅಲ್ಫೊನ್ಸಿನ್ ಮುಂದೂಡಿದಳು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಶುರುವಾದವು. ಒಂದು ಬೆಳಿಗ್ಗೆ ಎಲ್ಲರೂ ಕಾಕಂಬಿ ಹಾಕಿಕೊಂಡು ಬ್ರೆಡ್ಡು ತಿನ್ನುತ್ತಿದ್ದಾಗ ಒನೆಸಿಮ್ ಕೊಟ್ಟಿಗೆಯಿಂದ ಓಡಿಬಂದ. ಹೆಂಡತಿಯನ್ನು ಬಾಗಿಲ ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿ ಹಾಗೇ ಹಿಂದಿರುಗಿದ. ಅವನು ಹೇಳಿದ್ದಿಷ್ಟೇ: ಹಸುವಿನ ನೀರಿನ ಚೀಲ ಒಡೆದಿದೆ, ಇನ್ನು ಅದನ್ನು ಬಿಟ್ಟು ಕದಲುವಂತಿಲ್ಲ, ಬಿಸಿನೀರು ಬೇಕು. ಹಸುವಿನದೇ ಆದರೂ ಹೆರಿಗೆಯ ಮಾತು, ಹೆಣ್ಣುಮಕ್ಕಳು ಎದುರಿಗಿದ್ದರೆಂದು ಕಿವಿಯಲ್ಲಿ ಹೇಳಿದ.

ಬಿಸಿನೀರಿನ ಬಕೆಟ್ಟು ಹೊತ್ತು ರೋಲಾಂದಳೇ ಹೊರಟಳು. ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪ ಅಡ್ಡ ನಿಂತ.

"ಅಲ್ಲೇ ಇಡು. ಒಳಗೆ ಬರ್ಬೇಡ."

"ನಾನು ಹಿಡ್ಕೋತೀನಪ್ಪ. ದಿನಾ ಮೇವು ಹಾಕೋಳು ನಾನೇ ತಾನೇ, ನನ್ನ ಮಾತು ಕೇಳುತ್ತೆ ಅದು."

"ಹೆಂಗಸರು ನೋಡೋದಲ್ಲ ಇದು. ಮನೆಗೆ ಹೋಗು, ಹೋಗು!"

ಅವನು ಬಾಗಿಲೆಳೆದುಕೊಂಡ. ರೋಲಾಂದ್ ಹಿಮದಲ್ಲಿ ಸ್ವಲ್ಪ ಹೊತ್ತು ನಿಂತಳು. ಹಸು ನರಳುತ್ತಿತ್ತು. ಮನೆಯಲ್ಲಿ ಮೂರು ಮಾತಿಗೆ ಒಂದು ಮಾತಾಡುವ ಅಪ್ಪ ಒಳಗೆ, "ಹೂಂ ನನ್ನವ್ವ, ಇನ್ನೊಂಚೂರು, ಹೆದರ್ಬೇಡ, ನಾನಿದೀನಿ" ಎಂದು ರಮಿಸುತ್ತಿದ್ದ. ಅಷ್ಟು ಮೆತ್ತಗಿನ ದನಿ ಅವನಿಗಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕರು ಎದ್ದು ನಿಂತಿತು, ಎಲ್ಲರೂ ಹೋಗಿ ನೋಡಿ ಬಂದರು.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಗಾಗುತ್ತಿದ್ದಂತೆ ಅಕ್ಕನ ಜೊತೆ ಮಲಗುತ್ತಿದ್ದ ಹದಿಮೂರರ ಬ್ಲಾಂಶ್ ಗಡಬಡಿಸಿ ಎದ್ದಳು.

"ಥೂ! ಏನೇ ಇದು? ಒದ್ದೆ ಮಾಡ್ಕೊಂಡಿದೀಯ! ಸಿಮೋನ್ ಕೂಡ ಬಿಟ್ಟಾಯ್ತು ಈ ಅಭ್ಯಾಸ."

ರೋಲಾಂದ್ ಹಾಸಿಗೆ ಮುಟ್ಟಿ ನೋಡಿದಳು. ನೆಂದು ತೊಪ್ಪೆಯಾಗಿತ್ತು. ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು. "ಯಾರಿಗೂ ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ. ಅಜ್ಜಿಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ. ನನ್ನ ನೀಲಿ ರಿಬ್ಬನ್ ತಗೋ."

"ಮದುವೆಗೆ ಹಾಕ್ಕೊಂಡಿದ್ಯಲ್ಲ, ಅದಾ?"

"ಅದೇ. ತಗೋ."

ಬ್ಲಾಂಶ್ ರಿಬ್ಬನ್ ಕಟ್ಟಿಕೊಂಡಳು, ಬಾಯಿಯನ್ನೂ ಕಟ್ಟಿಕೊಂಡಳು. ರೋಲಾಂದ್ ಹಾಸಿಗೆಯ ಬಟ್ಟೆಯನ್ನು ಶಾಲಿನೊಳಗೆ ಮುದುರಿ ಕೊಟ್ಟಿಗೆಯ ಹುಲ್ಲಿನ ಅಟ್ಟಕ್ಕೆ ಒಯ್ದು ಬಚ್ಚಿಟ್ಟಳು. ಮಾರನೆಯ ದಿನವೂ ನಿಲ್ಲಲಿಲ್ಲ. ಕೂತರೆ ಹನಿ, ಎದ್ದರೆ ಹನಿ. ಒಳಗೆ ಚಿಂದಿ ಮಡಿಸಿಟ್ಟುಕೊಂಡು ಓಡಾಡಿದಳು, ಹಾಲು ಕರೆದಳು, ನೆಲ ತಿಕ್ಕಿದಳು. ನೀರು ಕಡಿಮೆ ಕುಡಿದರೆ ಕಡಿಮೆಯಾದೀತು ಎಂಬ ಉಪಾಯ ಹೊಳೆಯಿತು. ಚಹಾ ಬಿಟ್ಟಳು, ಸೂಪು ಬಿಟ್ಟಳು.

"ಬಟಾಣಿ ಸೂಪು ಬೇಡ್ವಂತೆ! ಯಾವ ಸೀಮೆ ರಾಣಿಯಮ್ಮ ಇವಳು?" ಎಂದು ಅಜ್ಜಿ ಮೂತಿ ತಿರುವಿದಳು.

"ಉಪವಾಸದ ದಿನ ಅಲ್ವಾ ಅಜ್ಜಿ."

"ಬಸು—" ಎಂದು ಬಾಯಿಗೆ ಬಂದದ್ದನ್ನು ಅಜ್ಜಿ ನುಂಗಿಕೊಂಡಳು. ಎದುರಿಗೆ ಮಕ್ಕಳಿದ್ದರು. "ನಿನ್ನಂಥವರಿಗೆ ಉಪವಾಸ ಇಲ್ಲ. ತಿನ್ನು."

ಅಲ್ಫೊನ್ಸಿನ್ ಮಗಳ ಮುಖ ನೋಡಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ಕೇಳಿದಳು: "ಏನಾದ್ರೂ ಆಗ್ತಿದ್ಯೇನೇ?"

ರೋಲಾಂದಳಿಗೆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಏನೆಂದು ಹೇಳುವುದು? ಮದುವೆಯಾದ ಹೆಂಗಸು ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುತ್ತಿದ್ದೇನೆ ಎಂದೇ?

"ಏನಿಲ್ಲಮ್ಮ."

"ನೋವು ಗೀವು?"

"ಇಲ್ಲ."

"ಸರಿ ಹಾಗಾದ್ರೆ" ಎಂದಳು ಅಲ್ಫೊನ್ಸಿನ್. ಇನ್ನೊಂದು ಪ್ರಶ್ನೆ ಕೇಳುವ ಕಷ್ಟ ತಪ್ಪಿತಲ್ಲ ಎಂದು ಅವಳಿಗೆ ನಿಜವಾಗಿ ಹಗುರವಾಯಿತು. ಆ ಹಗುರವನ್ನು ನೆನೆದು ಆಮೇಲೆ ಅವಳು ಪಟ್ಟ ಸಂಕಟ ಅಷ್ಟಿಷ್ಟಲ್ಲ.

ವಾರ ಕಳೆಯುವಷ್ಟರಲ್ಲಿ ರೋಲಾಂದಳಿಗೆ ಜ್ವರ ಏರಿತು. ಬೆಳಿಗ್ಗೆ ಒಲೆಗೆ ಸೌದೆ ಇಡಲು ಬಗ್ಗಿದವಳು ಹಾಗೇ ಕುಸಿದು ಕೂತಳು. ಹಲ್ಲು ಕಟಕಟ ಎನ್ನುತ್ತಿದ್ದರೂ ಹಣೆ ಕೆಂಡದಂತೆ ಸುಡುತ್ತಿತ್ತು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿ, ನಮ್ಮ ಸಾಲಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಪ್ಲೂರ್ದ್ ಮನೆಯಾಕೆಯನ್ನು ಕರೆತಂದರು. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟಳು, ಹೊದಿಕೆಯೆತ್ತಿ ಮೂಸಿದಳು. ಮುಖ ಇಳಿದುಹೋಯಿತು.

"ಒನೆಸಿಮ್, ಗಾಡಿಗೆ ಕುದುರೆ ಕಟ್ಟು. ಡಾಕ್ಟರನ್ನ ಕರ್ಕೊಂಡು ಬಾ." ಆಮೇಲೆ ರೋಲಾಂದಳ ಕಡೆ ಬಗ್ಗಿದಳು. "ಮಗಾ, ನೀರು ಯಾವಾಗ ಹೋಯ್ತು?"

"ಯಾವ ನೀರು?" ಎಂದಳು ರೋಲಾಂದ್.

ಸಿಮೋನಳನ್ನು ಕರೆದುಕೊಂಡು ಪ್ಲೂರ್ದ್ ಮನೆಗೆ ಹೊರಟಿದ್ದ ಬ್ಲಾಂಶ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. "ಹಾಸಿಗೇಲಿ ಮಾಡ್ಕೋತಿದ್ಲಲ್ಲ, ಅದಾ? ಅದು ಹೋದ ವಾರದಿಂದ್ಲೇ" ಎಂದಳು.

ಅಲ್ಫೊನ್ಸಿನ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಡಾಕ್ಟರು ಬರುವ ಮೊದಲೇ ಕೂಸು ಹುಟ್ಟಿತು. ಗಂಡು. ಅಂಗೈ ಅಗಲದ ಬೆನ್ನು, ಒಂದು ಸಣ್ಣ ಅಳು. ಉಳಿಯುವುದಲ್ಲ ಎಂದು ಪ್ಲೂರ್ದ್ ಹೆಂಗಸು ಕಣ್ಣಲ್ಲೇ ಹೇಳಿದಳು. ಅಜ್ಜಿಯೇ ಬಟ್ಟಲಲ್ಲಿ ನೀರು ತಂದು, ಕೂಸಿನ ತಲೆಗೆ ಹನಿಸಿ ಜ್ಞಾನಸ್ನಾನ ಮಾಡಿಸಿ, ನಮ್ಮಲ್ಲಿ ಗಂಡುಮಕ್ಕಳಿಗೆಲ್ಲ ಇಡುವ ಜೋಸೆಫ್ ಎಂಬ ಹೆಸರಿಟ್ಟಳು. ಸಂಜೆ ಹಾಲು ಕರೆಯುವ ಹೊತ್ತಿಗೆ ಕೂಸು ಉಸಿರು ಬಿಟ್ಟಿತು. ಡಾಕ್ಟರು ಬಂದು ತಾಯಿಯನ್ನು ನೋಡಿದರು, ಔಷಧಿ ಕೊಟ್ಟರು, ಕೈ ತೊಳೆದುಕೊಳ್ಳುತ್ತ, "ನೀರು ಹೋದ ದಿನವೇ ಕರೆಸಿದ್ರೆ ಒಂದು ಪ್ರಯತ್ನ ಮಾಡಬಹುದಿತ್ತು" ಎಂದರು. ಟವೆಲ್ ಹಿಡಿದು ನಿಂತಿದ್ದ ಅಲ್ಫೊನ್ಸಿನ್ ಅದನ್ನು ಕೊಡುವುದನ್ನೇ ಮರೆತಳು.

ಒನೆಸಿಮ್ ದೇವದಾರು ಹಲಗೆಯಿಂದ ಪುಟ್ಟ ಪೆಟ್ಟಿಗೆ ಮಾಡಿದ. ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು, ಗುಂಡಿ ತೋಡುವಂತಿರಲಿಲ್ಲ. ಚಳಿಗಾಲದಲ್ಲಿ ಸತ್ತವರನ್ನೆಲ್ಲ ಇಡುವ ಸ್ಮಶಾನದ ಕಲ್ಲುಕೋಣೆಯಲ್ಲಿ ಇದನ್ನೂ ಇಟ್ಟು ಬಂದ. ಊಟಕ್ಕೆ ಕೂತವನು ಆಲೂಗಡ್ಡೆ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟ.

"ಅವತ್ತು ಅವಳನ್ನ ಕೊಟ್ಟಿಗೆ ಒಳಗೆ ಬಿಟ್ಟಿದ್ರೆ," ಎಂದು ಹೆಂಡತಿಗೆ ಹೇಳಿದ, "ಒಂದ್ಸಲ ನೋಡಿದ್ರೆ ಸಾಕಾಗಿತ್ತು ಕಣೇ. ನೀರು ಅಂದ್ರೇನು ಅಂತ ಗೊತ್ತಾಗ್ತಿತ್ತು."

"ನೀವು ಕಿವೀಲಿ ಹೇಳಿದ್ರಿ. ನಾನೂ ಬಾಯಿ ಬಿಡ್ಲಿಲ್ಲ" ಎಂದಳು ಅಲ್ಫೊನ್ಸಿನ್.

ಹುಲ್ಲಿನ ಅಟ್ಟದಲ್ಲಿ ಬಟ್ಟೆಗಳು ಸಿಕ್ಕವು, ಹಲಗೆಯಂತೆ ಸೆಟೆದಿದ್ದವು. ಅಲ್ಫೊನ್ಸಿನ್ ಅವನ್ನು ಬಿಸಿನೀರಲ್ಲಿ ಅದ್ದಿ ತಿಕ್ಕುತ್ತಿದ್ದಾಗ ಅಜ್ಜಿ ಪಕ್ಕದಲ್ಲಿ ಜಪಮಾಲೆ ಹಿಡಿದು ಕೂತಿದ್ದಳು.

"ದೇವರಿಗೆ ಬೇಕಾಗಿತ್ತು, ಕರ್ಕೊಂಡ. ಅಳ್ಬೇಡ."

"ದೇವರ ಮೇಲೆ ಹಾಕ್ಬೇಡಿ ಅತ್ತೆ" ಎಂದಳು ಅಲ್ಫೊನ್ಸಿನ್. ಇಪ್ಪತ್ತು ವರ್ಷದಲ್ಲಿ ಅತ್ತೆಗೆ ಅವಳು ದನಿಯೇರಿಸಿದ್ದು ಅದೇ ಮೊದಲು. "ಅವನು ಬಂದು ಕೇಳ್ಲಿಲ್ಲ. ನಾವೇ ಕೊಟ್ಟದ್ದು. ನಾಚಿಕೆ ನಾಚಿಕೆ ಅಂತ ಇಟ್ಕೊಂಡು, ಕೂಸನ್ನ ಕೊಟ್ವಿ."

"ನನ್ನ ಮೇಲೆ ಯಾಕೆ ಹಾರ್ತೀಯ? ನನಗೆ ಯಾರು ಹೇಳಿದ್ರು? ಹದಿನಾಲ್ಕು ಹೆತ್ತೆ. ಎಂಟು ಮಣ್ಣಿಗೆ ಹೋದ್ವು. ಯಾವುದು ಯಾಕೆ ಹೋಯ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ."

ಅಲ್ಫೊನ್ಸಿನ್ ತಿಕ್ಕುವುದನ್ನು ನಿಲ್ಲಿಸಿ ಮುದುಕಿಯನ್ನು ನೋಡಿದಳು. ಅಜ್ಜಿ ಜಪಮಾಲೆಯ ಮಣಿಯೊಂದನ್ನು ಹಿಡಿದವಳು ಮುಂದಿನದಕ್ಕೆ ಹೋಗಲೇ ಇಲ್ಲ. ಆಮೇಲೆ ಆ ವಿಷಯ ಇಬ್ಬರೂ ಎತ್ತಲಿಲ್ಲ.

ಜ್ವರ ಬಿಟ್ಟಿತು, ಮತ್ತೆ ಬಂತು, ಮತ್ತೆ ಬಿಟ್ಟಿತು. ರೋಲಾಂದ್ ಬದುಕಿದಳು. ಆದರೆ ಗೋಡೆಯ ಕಡೆ ತಿರುಗಿ ಮಲಗುವಳು, ಕೊಟ್ಟರೆ ತಿನ್ನುವಳು, ಕೇಳಿದರೆ ಹೂಂ ಅನ್ನುವಳು. ಮೊಲೆಗಳಲ್ಲಿ ಹಾಲು ಕಟ್ಟಿ ನೋವಾದಾಗಲೂ ಅದೇನೆಂದು ಕೇಳಲಿಲ್ಲ. ಪ್ಲೂರ್ದ್ ಹೆಂಗಸು ಬಂದು ಬಟ್ಟೆ ಬಿಗಿದು ಕಟ್ಟಿ ಹೋದಳು. ಈಸ್ಟರ್ ದಿನ ಮನೆಯಲ್ಲಿ ಹಂದಿಮಾಂಸ ಬೇಯಿಸಿದರು, ಎಲ್ಲರೂ ಮೇಜಿನ ಸುತ್ತ ಕೂತರು. ಸಿಮೋನ್ ಚಮಚ ಎತ್ತಿ ಹಿಡಿದು ಕೇಳಿದಳು:

"ಅಜ್ಜಿ, ಕಾಡಿನವರು ಅಕ್ಕನ್ನ ಹೊಡೆದ್ರು ಅಲ್ವಾ? ಮತ್ತೆ ಮಗು ಯಾಕೆ ಬಿಟ್ಟು ಹೋಗ್ಲಿಲ್ಲ?"

ರೋಲಾಂದ್ ಮಲಗಿದ್ದ ಕೋಣೆಯ ಬಾಗಿಲು ತೆರೆದೇ ಇತ್ತು. ಅಜ್ಜಿ ತಟ್ಟೆ ಪಕ್ಕಕ್ಕೆ ಸರಿಸಿದಳು. "ತಿನ್ನು ಸುಮ್ನೆ" ಎಂದ ಒನೆಸಿಮ್. ಒಳಗಿನಿಂದ ಮಂಚ ಕಿರುಗುಟ್ಟಿದ ಸದ್ದು ಬಂತು, ಅಷ್ಟೇ.

ಮೇಪಲ್ ಮರಗಳ ರಸ ಇಳಿಸುವ ಕೆಲಸ ಮುಗಿಯುತ್ತ ಬಂದಿತ್ತು. ಅಂಗಳದ ಹಿಮ ಕರಗಿ ಕೆಸರಾಗಿತ್ತು. ಅಲ್ಫೊನ್ಸಿನ್ ಕಿಟಕಿಯಲ್ಲಿ ನೋಡುತ್ತಾಳೆ, ಬ್ಲಾಂಶ್ ಕೋಟಿನೊಳಗೆ ಏನೋ ಮುದುರಿಕೊಂಡು ಕೊಟ್ಟಿಗೆಯ ಕಡೆ ಹೋಗುತ್ತಿದ್ದಾಳೆ. ಅಟ್ಟದ ಏಣಿಗೆ ಕಾಲಿಡುವಷ್ಟರಲ್ಲಿ ಅಲ್ಫೊನ್ಸಿನ್ ಕೆಸರಿನಲ್ಲೇ ಓಡಿ ಅವಳ ತೋಳು ಹಿಡಿದಳು.

"ಏನೇ ಅದು? ತೋರ್ಸು."

ಬ್ಲಾಂಶ್ ಕೋಟು ಬಿಗಿಯಾಗಿ ಹಿಡಿದುಕೊಂಡಳು. "ಏನಿಲ್ಲಮ್ಮ."

"ಏನಿಲ್ಲ ಅನ್ಬೇಡ! ಈ ಮನೇಲಿ ಇನ್ನು ಯಾರೂ ಆ ಮಾತು ಆಡೋ ಹಾಗಿಲ್ಲ."

ಬ್ಲಾಂಶ್ ಗಂಟು ಬಿಟ್ಟುಕೊಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗಂಟಿನೊಳಗಿನ ಲಂಗಕ್ಕೆ ರಕ್ತ ಹತ್ತಿತ್ತು. "ನಿನ್ನೆಯಿಂದ ಬರ್ತಿದೆ. ನಾನು ಸಾಯ್ತೀನಿ ಅಲ್ವಾ ಅಮ್ಮ?"

ಅಲ್ಫೊನ್ಸಿನ್ ಅವಳನ್ನು ಮನೆಗೆ ಕರೆತಂದು ಒಲೆಯ ಎದುರು ಕೂರಿಸಿದಳು. ಅಜ್ಜಿ ಆರಾಮಕುರ್ಚಿಯಲ್ಲಿದ್ದಳು. ಏಳುತ್ತಾಳೇನೋ ಎಂದು ಅಲ್ಫೊನ್ಸಿನ್ ಕಾದಳು. ಅಜ್ಜಿ ಏಳಲಿಲ್ಲ, ಬೇಡ ಅನ್ನಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿದಳು.

"ಸಾಯಲ್ಲ ಕಣೇ, ಎಲ್ಲ ಹೆಣ್ಣಿಗೂ ಆಗುತ್ತೆ ಇದು" ಎಂದು ಅಲ್ಫೊನ್ಸಿನ್ ಶುರುಮಾಡಿದಳು. "ನೋಡು, ಹಸುವಿಗೆ ಹೇಳೋ ಮಾತಲ್ಲೇ ಹೇಳ್ತೀನಿ. ನನ್ನ ಹತ್ರ ಬೇರೆ ಮಾತಿಲ್ಲ." ಹಣೆಯಲ್ಲಿ ಬೆವರೊಡೆದಿತ್ತು, ದನಿ ಅಭ್ಯಾಸಬಲದಿಂದ ಕೆಳಗಿಳಿದು ಪಿಸುಮಾತಾಗಿತ್ತು. ಆದರೂ ನಿಲ್ಲಿಸಲಿಲ್ಲ. ತಿಂಗಳ ಮುಟ್ಟು ಏನು, ಗಂಡಿನ ಜೊತೆ ಏನಾಗುತ್ತದೆ, ಬಸಿರು ಎಲ್ಲಿ ನಿಲ್ಲುತ್ತದೆ ಎಂದು ಎಡವುತ್ತ ಎಡವುತ್ತ ಹೇಳಿದಳು. ಬ್ಲಾಂಶ್ ಅಳು ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

"ಅಮ್ಮ" ಎಂದು ಕೋಣೆಯಿಂದ ಕೂಗು ಬಂತು. "ಸ್ವಲ್ಪ ಜೋರಾಗಿ ಹೇಳು. ನನಗೂ ಕೇಳ್ಬೇಕು."

ಅಲ್ಫೊನ್ಸಿನ್ ಕಣ್ಣು ಮುಚ್ಚಿದಳು. ಆಮೇಲೆ ಎದ್ದು, ಕುರ್ಚಿ ಎಳೆದು ಕೋಣೆಯ ಹೊಸ್ತಿಲಲ್ಲಿ ಹಾಕಿ, ಇಬ್ಬರು ಹೆಣ್ಣುಮಕ್ಕಳಿಗೂ ಕೇಳುವಂತೆ ಮೊದಲಿನಿಂದ ಹೇಳಿದಳು. ದಿನ ತುಂಬುವ ವಿಷಯಕ್ಕೆ ಬಂದಳು. ಕೂಸು ನೀರಿನ ಚೀಲದಲ್ಲಿರುತ್ತದೆ, ಆ ಚೀಲ ಒಡೆದು ನೀರು ಹೋಗುತ್ತದೆ, ನೋವಿಲ್ಲದೆಯೂ ಹೋಗಬಹುದು ಎಂದಳು.

"ಆಗ ಕರೀಬೇಕಾ?" ಎಂದು ಕೇಳಿದಳು ರೋಲಾಂದ್.

"ಹೂಂ. ಆಗ್ಲೇ ಕರೀಬೇಕು."

"ಹಾಸಿಗೆ ಒದ್ದೆ ಆದ ಕೂಡ್ಲೇ?"

"ಕೂಡ್ಲೇ ಕಣೇ."

ರೋಲಾಂದ್ ಸೂರನ್ನು ನೋಡುತ್ತ ಮಲಗಿದ್ದಳು. ಕಣ್ಣೀರು ಕಿವಿಯ ಕಡೆ ಹರಿಯಿತು, ಒರೆಸಿಕೊಳ್ಳಲಿಲ್ಲ. ಅಲ್ಫೊನ್ಸಿನ್ ಏಪ್ರನ್ ಎತ್ತಿ ಬಾಯಿಗೆ ಒತ್ತಿಕೊಂಡಳು.

"ನಿಲ್ಲಿಸ್ಬೇಡಮ್ಮ" ಎಂದಳು ರೋಲಾಂದ್. "ಬ್ಲಾಂಶ್ ಕೇಳ್ತಿದಾಳೆ."